ನಾನೇ ಕೇಳಿದ ಗುರುತು

ನಮ್ಮ ಮನೆಯಲ್ಲಿ ಗುರುತು ಕೇಳುವ ರೂಢಿ ನಾನು ಹುಟ್ಟುವ ಮೊದಲಿನಿಂದಲೂ ಇತ್ತು. ಏನನ್ನಾದರೂ ನಿರ್ಧರಿಸಬೇಕಾದಾಗ ಮೊದಲು ಪ್ರಾರ್ಥನೆ, ಆಮೇಲೆ ದೇವರ ಮುಂದೆ ಒಂದು ಷರತ್ತು. ಇದು ನಿನ್ನ ಚಿತ್ತವಾದರೆ ಇಂಥದ್ದು ನಡೆಯಲಿ, ಅಲ್ಲವಾದರೆ ನಡೆಯದಿರಲಿ. ರಿಪ್ಪನ್‌ಪೇಟೆಯ ಈ ಜಾಗ ಕೊಳ್ಳುವಾಗ ಅಪ್ಪ, ಬಾವಿ ತೋಡಿದರೆ ನೀರು ಬರಲಿ ಎಂದು ಗುರುತು ಕೇಳಿದ್ದರಂತೆ. ನೀರು ಬಂತು, ಮನೆ ಎದ್ದಿತು. ದೊಡ್ಡವಳಾದ ಮೇಲೆ ಒಮ್ಮೆ, ಈ ಸೀಮೆಯಲ್ಲಿ ಎಲ್ಲಿ ತೋಡಿದರೂ ನೀರು ಬರುತ್ತದೆ ಎಂದು ಬಾಯಿಬಿಟ್ಟೆ. ಅಪ್ಪ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಇಷ್ಟಾದರೂ ನಾನು ನಂಬದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಬಾಯಿ ಸ್ವಲ್ಪ ಜೋರು, ಆದರೆ ನಮ್ಮ ಬದುಕಿಗೊಂದು ಯೋಜನೆಯಿದೆ, ಅದು ನಮಗಿಂತ ದೊಡ್ಡ ಕೈಯಲ್ಲಿದೆ ಎಂಬುದನ್ನು ನಾನು ಅಮ್ಮನ ಹಾಲಿನ ಜೊತೆಗೇ ಕುಡಿದಿದ್ದೆ. ನಂಬಿಕೆ ಇಲ್ಲದಿದ್ದರೆ ನನ್ನ ಮದುವೆಯ ಮಾತು ನಡೆದ ಆ ಮೂರು ತಿಂಗಳು ನನಗೆ ಅಷ್ಟು ಉಸಿರು ಕಟ್ಟುತ್ತಿರಲಿಲ್ಲ. ನಂಬದವರು ಬೇಡ ಎಂದು ಎದ್ದು ಹೋಗುತ್ತಾರೆ. ನಾನು ಎದ್ದು ಎಲ್ಲಿಗೆ ಹೋಗಲಿ?

ಆಗ ನಾನು ಸಾಗರದಲ್ಲಿ ಒಂದು ಬೈಕ್ ಶೋರೂಮಿನ ಸ್ಪೇರ್ ಪಾರ್ಟ್ಸ್ ಕೌಂಟರಿನಲ್ಲಿದ್ದೆ. ದಿನಾ ರಿಪ್ಪನ್‌ಪೇಟೆಯಿಂದ ಬಸ್ಸಿನಲ್ಲಿ ಓಡಾಟ. ಕ್ಲಚ್ ಕೇಬಲ್, ಬ್ರೇಕ್ ಶೂ, ಚೈನ್ ಸೆಟ್ಟು ನನ್ನ ಪ್ರಪಂಚ. ಮೆಕ್ಯಾನಿಕ್ಕು ಬಂದು ಗಾಡಿಯ ಹೆಸರು ಹೇಳುವಷ್ಟರಲ್ಲಿ ನನ್ನ ಕೈ ಆ ಡಬ್ಬದ ಮೇಲಿರುತ್ತಿತ್ತು. ಮೂವತ್ತು ದಾಟಿತ್ತು. ಮದುವೆಯ ಮಾತು ಮನೆಯಲ್ಲಿ ಆಗಾಗ ಬರುತ್ತಿತ್ತು, ನಾನು ಅದನ್ನು ತಳ್ಳುತ್ತಾ ಬಂದಿದ್ದೆ. ನಮ್ಮ ಕ್ರೈಸ್ತ ಜನ ಈ ಕಡೆ ಕಡಿಮೆ, ತಳ್ಳಲು ಹೆಚ್ಚು ಕಷ್ಟವೇನೂ ಆಗುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ತೀರ್ಥಹಳ್ಳಿಯ ಸುವಾರ್ತಿಕರು ಬಂದರು. ಸುವಾರ್ತಿಕರೆಂದರೆ ಅಯ್ಯನವರ, ಅಂದರೆ ಪಾಸ್ಟರ ಕೈಕೆಳಗೆ ಊರೂರು ತಿರುಗಿ ಸಂದೇಶ ಹೇಳುವವರು. ನಮ್ಮ ಅಯ್ಯನವರಿಗೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಸಭೆಗಳ ಜೊತೆಗೆ ನಮ್ಮ ಪುಟ್ಟ ಸಭೆಯ ಹೊರೆಯೂ ಇದ್ದುದರಿಂದ ಇವರು ಅವರ ಬಲಗೈ ಆಗಿದ್ದರು. ಸಾಧು ಮನುಷ್ಯ. ಕುಡಿತವಿಲ್ಲ, ಕೋಪವಿಲ್ಲ, ಬಿಳಿ ಅಂಗಿಯ ಮೇಲೆ ಒಂದು ಕಲೆಯಿಲ್ಲ. ಸಭೆಯಲ್ಲಿ ಎಲ್ಲರಂತೆ ನನ್ನನ್ನೂ ಸಿಸ್ಟರ್ ಎಂದು ಕರೆಯುತ್ತಿದ್ದರು. ಒಂದು ದಿನ ಅಪ್ಪನ ಬಳಿ ಬಂದು, ಉಪವಾಸ ಪ್ರಾರ್ಥನೆಯಲ್ಲಿದ್ದಾಗ ಕರ್ತನು ಸಿಸ್ಟರ್ ಅನ್ನು ನನ್ನ ಹೆಂಡತಿಯಾಗಿ ತೋರಿಸಿದ್ದಾನೆ ಎಂದರು.

ಅಪ್ಪ ನಿವೃತ್ತ ಬಸ್ ಕಂಡಕ್ಟರು. ಬದುಕಿನಲ್ಲಿ ಎಷ್ಟೋ ಜನರ ಸುಳ್ಳು ಕೇಳಿ ಅರಗಿಸಿಕೊಂಡವರು. ಟಿಕೆಟ್ ತೆಗೆದುಕೊಂಡಿದ್ದೇನೆ ಎನ್ನುವವರ ಮುಖ ನೋಡಿಯೇ ಹಿಡಿಯುತ್ತಿದ್ದರು. ಆದರೆ ದೇವರ ಹೆಸರು ಬಂದರೆ ಮುಗಿಯಿತು, ಪಾಸು ತೋರಿಸಿದ ಹಾಗೆ. ಸಂಜೆ ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಅವರ ಮುಖದಲ್ಲಿ ಹಬ್ಬ.

"ನಿಂಗೆ ಎಂತ ಅನ್ಸುತ್ತೆ?" ಎಂದು ಕೇಳಿದರು.

ನನಗೆ ಅನಿಸಿದ್ದು, ನನಗೂ ಕರ್ತನಿಗೂ ದಿನಾ ಮಾತುಕತೆಯಿದೆ, ಇಷ್ಟು ದೊಡ್ಡ ಸುದ್ದಿಯನ್ನು ಅವನು ತೀರ್ಥಹಳ್ಳಿಗೆ ಮಾತ್ರ ಯಾಕೆ ಹೇಳಿದ ಎಂದು. ಆದರೆ ಅಪ್ಪನ ಮುಖ ನೋಡಿ ಅದು ಬಾಯಿಗೆ ಬರಲಿಲ್ಲ. ಬರುವ ಶನಿವಾರ ಸುವಾರ್ತಿಕರ ತಾಯಿ ನನ್ನನ್ನು ನೋಡಬೇಕೆಂದಿದ್ದಾರೆ, ತೀರ್ಥಹಳ್ಳಿಗೆ ಹೋಗಿ ಬರೋಣ ಎಂದರು ಅಮ್ಮ. ಆ ಶನಿವಾರ ಆಯುಧಪೂಜೆಯ ಹಿಂದಿನ ವಾರದ್ದು. ಬೈಕ್ ಶೋರೂಮಿನಲ್ಲಿ ಆ ವಾರ ಕಾಲಿಡಲು ಜಾಗವಿರುವುದಿಲ್ಲ. ನಮ್ಮ ಮಾಲೀಕರು ಹಬ್ಬದ ಹೊತ್ತಿನಲ್ಲಿ ಯಾರಿಗೂ ರಜೆ ಕೊಡುವವರಲ್ಲ ಎಂಬುದು ವರ್ಕ್‌ಶಾಪಿನ ಪ್ರತಿಯೊಬ್ಬರಿಗೂ ಗೊತ್ತಿದ್ದ ಮಾತು. ನನಗೆ ದಾರಿ ಕಂಡಿತು.

"ಶನಿವಾರ ರಜೆ ಸಿಕ್ಕಿದ್ರೆ ಇದು ದೇವರ ಚಿತ್ತ. ಸಿಗ್ದಿದ್ರೆ ಅಲ್ಲ. ಇದೇ ನನ್ನ ಗುರುತು," ಎಂದೆ.

ಮನಸ್ಸಿನಲ್ಲೇ ಹೇಳಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅಪ್ಪ ಅಮ್ಮ ಇಬ್ಬರ ಮುಂದೆ, ಕೈಯಲ್ಲಿ ಟಿಫನ್ ಬಾಕ್ಸ್ ಹಿಡಿದುಕೊಂಡು, ಗಟ್ಟಿಯಾಗಿ ಹೇಳಿದೆ. ಅವರು ಅಲ್ಲೇ ಕಣ್ಣು ಮುಚ್ಚಿ ಆಮೆನ್ ಎಂದರು.

ಮರುದಿನ ಮಾಲೀಕರ ಟೇಬಲ್ಲಿನ ಮುಂದೆ ನಿಂತು, ಶನಿವಾರ ಬರಲಾಗುವುದಿಲ್ಲ ಎಂದೆ. ಅವರು ಫೋನಿನಿಂದ ತಲೆಯೆತ್ತದೆ, "ಹೂಂ, ಆಯ್ತು," ಎಂದರು. ನಾನು ಇನ್ನೂ ಅಲ್ಲೇ ನಿಂತಿದ್ದನ್ನು ನೋಡಿ, "ಇನ್ನೇನಾದ್ರೂ ಇತ್ತಾ?" ಎಂದು ಕೇಳಿದರು. ಏನೂ ಇರಲಿಲ್ಲ. ಕೌಂಟರಿಗೆ ಬಂದು ಕೂತೆ. ಯಾರೋ ಸ್ಪಾರ್ಕ್ ಪ್ಲಗ್ ಕೇಳಿದರು, ನಾನು ಏರ್ ಫಿಲ್ಟರ್ ತೆಗೆದುಕೊಟ್ಟೆ.

ರಜೆ ಸಿಗಲಿಲ್ಲ ಎಂದು ಮನೆಯಲ್ಲಿ ಸುಳ್ಳು ಹೇಳಬಹುದಿತ್ತು. ಹೇಳಲು ಆಗಲಿಲ್ಲ. ದೇವರಿಗೇ ಷರತ್ತು ಹಾಕಿ, ಅವನು ಒಪ್ಪಿದ ಮೇಲೆ ಸುಳ್ಳು ಹೇಳುವಷ್ಟು ಧೈರ್ಯ ನನಗಿರಲಿಲ್ಲ.

ಅಲ್ಲಿಂದ ಮುಂದೆ ಎಲ್ಲ ಬಾಗಿಲುಗಳೂ ತಾವಾಗಿಯೇ ತೆರೆಯತೊಡಗಿದವು. ಸುವಾರ್ತಿಕರ ತಾಯಿಗೆ ನಾನು ಹಿಡಿಸಿದೆ. ಹೊಸನಗರದ ಸಮುದಾಯ ಭವನ ನಮಗೆ ಬೇಕಾದ ದಿನವೇ ಖಾಲಿಯಿತ್ತು. ಸಾಗರದ ಟೈಲರಮ್ಮ ಯಾವತ್ತೂ ಹೊತ್ತಿಗೆ ಸರಿಯಾಗಿ ರವಿಕೆ ಕೊಟ್ಟವರಲ್ಲ, ನನ್ನದನ್ನು ಹೇಳಿದ ದಿನಕ್ಕಿಂತ ಮುಂಚೆಯೇ ಕೊಟ್ಟರು. ಪ್ರತಿಯೊಂದಕ್ಕೂ ಅಪ್ಪ, "ನೋಡ್ದ್ಯಾ?" ಎನ್ನುತ್ತಿದ್ದರು. ಏನಾದರೂ ಕೆಟ್ಟರೆ? ಅದಕ್ಕೂ ಉತ್ತರವಿತ್ತು. ನಿಶ್ಚಿತಾರ್ಥದ ದಿನ ಕರೆಂಟು ಹೋಗಿ, ಬಾಡಿಗೆಗೆ ತಂದ ಮೈಕು ಸತ್ತು, ಅಯ್ಯನವರು ಗಂಟಲು ಹರಿದುಕೊಂಡು ಪ್ರಾರ್ಥನೆ ಮಾಡಬೇಕಾಯಿತು. ಒಳ್ಳೆಯ ಕೆಲಸಕ್ಕೆ ಸೈತಾನ ಅಡ್ಡ ಬರುವುದು ಸಹಜ ಎಂದರು ಬಂದವರೆಲ್ಲ. ಸುಸೂತ್ರವಾದರೆ ದೇವರು, ಅಡ್ಡಿಯಾದರೆ ಸೈತಾನ. ಎರಡೂ ದಾರಿ ಮದುವೆ ಮನೆಗೇ ಹೋಗುತ್ತಿದ್ದವು. ನನಗೆ ಊಟ ಸೇರುತ್ತಿರಲಿಲ್ಲ ಎಂದರೆ ಅದು ಮದುಮಗಳ ಲಕ್ಷಣ. ಸಿಟ್ಟು ಬರುತ್ತಿತ್ತು ಎಂದರೆ ಅದು ಶೋಧನೆ, ಸೈತಾನ ಒಡ್ಡುವ ಪರೀಕ್ಷೆ. ನಾನು ಅತ್ತಿದ್ದರೆ ಬಹುಶಃ ಆನಂದಬಾಷ್ಪ ಎನ್ನುತ್ತಿದ್ದರು.

ನಿಶ್ಚಿತಾರ್ಥವಾದ ಮೇಲೆ ಸುವಾರ್ತಿಕರು ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಬಂದರು. ಅಮ್ಮ ಕಡುಬು, ಕೋಳಿ ಸಾರು ಮಾಡಿದ್ದರು. ಊಟವಾದ ಮೇಲೆ ನಮ್ಮಿಬ್ಬರನ್ನೇ ಜಗಲಿಯಲ್ಲಿ ಬಿಟ್ಟು ಎಲ್ಲರೂ ಒಳಗೆ ಸರಿದರು. ಮುಂದೆ ನಾವು ಹೇಗೆ ಹಳ್ಳಿಹಳ್ಳಿಗೆ ಹೋಗುತ್ತೇವೆ, ನಾನು ಹೇಗೆ ಹೆಂಗಸರ ಕೂಟ ನಡೆಸುತ್ತೇನೆ, ಮಕ್ಕಳಿಗೆ ಹೇಗೆ ಹಾಡು ಕಲಿಸುತ್ತೇನೆ ಎಂದೆಲ್ಲ ಅವರು ವಿವರಿಸಿದರು. ಅಷ್ಟು ಸಂತೋಷದಿಂದ ಹೇಳುತ್ತಿದ್ದರೆಂದರೆ ಕೇಳುವವರಿಗೇ ಪಾಪ ಅನಿಸಬೇಕು.

"ನನ್ನ ಕೆಲ್ಸ?" ಎಂದೆ.

"ಅದನ್ನ ಬಿಡ್ಬೇಕಾಗುತ್ತೆ ಸಿಸ್ಟರ್. ಕರ್ತ ನಂಗೆ ಅದನ್ನೂ ತೋರ್ಸಿದ್ದಾನೆ."

"ನಂಗೆ ತೋರ್ಸಿಲ್ವಲ್ಲ."

"ತೋರಿಸ್ತಾನೆ," ಎಂದು ನಕ್ಕರು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದೇ ನನಗೆ ಭಯ ಹುಟ್ಟಿಸಿತು. ಕೆಟ್ಟ ಮನುಷ್ಯನಾಗಿದ್ದರೆ ಅಪ್ಪನ ಮುಂದೆ ಅವನ ಕೆಟ್ಟತನ ಇಟ್ಟು ಬಿಡಿಸಿಕೊಳ್ಳಬಹುದಿತ್ತು. ಈ ಮನುಷ್ಯ ನನ್ನ ಬದುಕನ್ನೆಲ್ಲ ಆಗಲೇ ನೋಡಿ ಮುಗಿಸಿದ್ದರು. ಅದರಲ್ಲಿ ನನಗೆ ಮಾತಾಡಲು ಏನೂ ಉಳಿದಿರಲಿಲ್ಲ.

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಸಭೆಯಲ್ಲಿ ಪ್ರಕಟಣೆ ಓದುತ್ತಾರೆ. ಇಂಥವರ ಮಗಳಿಗೂ ಇಂಥವರ ಮಗನಿಗೂ ಮದುವೆ ಗೊತ್ತಾಗಿದೆ, ಇದಕ್ಕೆ ತಕ್ಕ ಅಡ್ಡಿ ಯಾರಿಗಾದರೂ ತಿಳಿದಿದ್ದರೆ ಈಗ ಹೇಳಬೇಕು ಎಂದು. ಹುಡುಗ ಹುಡುಗಿ ಇಬ್ಬರ ಸಭೆಗಳಲ್ಲೂ ಓದಬೇಕು. ನಮ್ಮ ಸಭೆಯ ಕಾರ್ಯದರ್ಶಿ ಅಪ್ಪನೇ ಆದ್ದರಿಂದ ನನ್ನ ಪ್ರಕಟಣೆ ಓದುವ ಭಾಗ್ಯ ಅವರದ್ದೇ ಆಯಿತು. ವರ್ಷಗಟ್ಟಲೆ ಸಾಗರ, ಸಾಗರ ಎಂದು ಕೂಗಿದ ಗಂಟಲು. ಮೈಕೇ ಬೇಡ. ಓದಿ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುವುದು ಕ್ರಮ. ಮೊದಲನೆಯ ಭಾನುವಾರ ಆ ಸುಮ್ಮನಿದ್ದ ಹೊತ್ತಿನಲ್ಲಿ ನಾನು ಉಸಿರು ಬಿಗಿಹಿಡಿದು ಕಾದೆ. ಯಾರಾದರೂ ಏಳಲಿ, ಹುಡುಗನಿಗೆ ಎಲ್ಲೋ ಇನ್ನೊಬ್ಬ ಹೆಂಡತಿ ಇದ್ದಾಳೆ ಎನ್ನಲಿ, ಏನಾದರೂ ಆಗಲಿ ಎಂದು. ಹಿಂದಿನ ಬೆಂಚಿನ ಅಜ್ಜಿ ಕೆಮ್ಮಿದರು. ನಾನು ತಿರುಗಿ ನೋಡಿದೆ. ಅದು ಬರೀ ಕೆಮ್ಮು.

ಆ ವಾರ ಕೆಲಸ ಮುಗಿಸಿ ಸಾಗರದಲ್ಲೇ ಅಯ್ಯನವರ ಮನೆಗೆ ಹೋದೆ. ಅವರು ಅಂಗಳದಲ್ಲಿ ಸ್ಕೂಟರ್ ತೊಳೆಯುತ್ತಿದ್ದರು.

"ಅಯ್ಯನೋರೆ, ನಂಗೆ ಮನಸ್ಸಲ್ಲಿ ಸಮಾಧಾನ ಇಲ್ಲ," ಎಂದೆ.

ಅವರು ಪೈಪ್ ಕೆಳಗಿಟ್ಟು ನನ್ನ ಮಾತನ್ನು ನಿಜಕ್ಕೂ ಗಮನವಿಟ್ಟು ಕೇಳಿದರು. "ಸಮಾಧಾನ ಕೊಡೋದು ಕರ್ತನ ಕೆಲ್ಸ ಮಗಳೆ. ಕಾಯೋದು ನಮ್ಮ ಕೆಲ್ಸ. ನನ್ನ ಮದ್ವೆ ಮುಂಚೆ ನಂಗೆ ಜ್ವರಾನೇ ಬಂದಿತ್ತು," ಎಂದರು. ಒಳಗಿನಿಂದ ಅವರ ಹೆಂಡತಿ, ಆ ಜ್ವರ ಇನ್ನೂ ಬಿಟ್ಟಿಲ್ಲ ಎಂದು ಕೂಗಿ ಹೇಳಿದರು. ಇಬ್ಬರೂ ನಕ್ಕರು. ನಾನೂ ನಕ್ಕು ಕಾಫಿ ಕುಡಿದು ಬಂದೆ.

ಎರಡನೆಯ ಪ್ರಕಟಣೆಯೂ ಆಯಿತು. ಅಂದು ಮಧ್ಯಾಹ್ನ ಅಪ್ಪನ ಹತ್ತಿರ ಕೂತು, ಗುರುತು ತಪ್ಪಾಗಿರಬಹುದಲ್ಲ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಗುರುತು ನಾವು ಕೇಳಿದ್ದಾ? ನೀನೇ ಕೇಳಿದ್ದು. ಕೇಳಿದ್ದು ಕೊಟ್ಟ ಮೇಲೆ ಬೇಡ ಅಂದ್ರೆ ಅವ್ನನ್ನ ಆಟ ಆಡ್ಸಿದ ಹಾಗೆ ಆಗಲ್ವಾ?" ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, "ಬೇಡದ್ದಾಗಿದ್ರೆ ಅವ್ನೇ ತಡೀತಾನೆ, ಹೆದರ್ಬೇಡ," ಎಂದು ಸಮಾಧಾನವನ್ನೂ ಹೇಳಿದರು.

ಅಡುಗೆಮನೆಯಲ್ಲಿ ಅಮ್ಮನನ್ನು ಹಿಡಿದೆ. ನಿನ್ನ ಮದುವೆಗೆ ನೀನು ಯಾವ ಗುರುತು ಕೇಳಿದ್ದೆ ಎಂದೆ. ಅಮ್ಮ ಅಕ್ಕಿ ಕೇರುತ್ತಿದ್ದರು. "ನನ್ನ ಯಾರು ಕೇಳಿದ್ರು? ಕರ್ಕೊಂಡ್ ಬಂದ್ರು, ಬಂದೆ," ಎಂದರು. "ಕೇಳಿದ್ರೆ ಎಂತ ಹೇಳ್ತಿದ್ದೆ?" ಎಂದದ್ದಕ್ಕೆ ಮೊರ ನಿಲ್ಲಿಸಿ, "ಈಗ ಯಾಕೆ ಅದೆಲ್ಲ," ಎಂದು ಮತ್ತೆ ಕೇರತೊಡಗಿದರು.

ಆ ದಿನಗಳಲ್ಲಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೂ ಉಸಿರಾಡಲು ಗಾಳಿ ಸಾಲುತ್ತಿರಲಿಲ್ಲ. ಇಳಿದು ಬೇರೆ ಬಸ್ಸು ಹತ್ತಿದರೆ ಎಂದು ಯೋಚಿಸುತ್ತಿದ್ದೆ. ತಾಳಗುಪ್ಪಕ್ಕೆ ಹೋಗಿ ರೈಲು ಹತ್ತಿದರೆ? ಆದರೆ ಓಡಿಹೋಗಿ ತಪ್ಪಿಸಿಕೊಳ್ಳಬಹುದಾದದ್ದು ಅಪ್ಪ ಅಮ್ಮನಿಂದ ಮಾತ್ರ. ನಾನು ಸಿಕ್ಕಿಬಿದ್ದಿದ್ದು ಅವರ ಕೈಯಲ್ಲಲ್ಲ. ಬೆಂಗಳೂರಿಗೆ ಹೋಗಿ ಇಳಿದರೆ ಅಲ್ಲೂ ದೇವರಿರುತ್ತಾನೆ, ರಜೆ ಕೊಡಿಸಿದೆನಲ್ಲ ಎನ್ನುತ್ತಾನೆ. ರಾತ್ರಿ ಪ್ರಾರ್ಥನೆಗೆ ಮೊಣಕಾಲೂರಿದರೆ ಹೇಳಲು ಮಾತೇ ಬರುತ್ತಿರಲಿಲ್ಲ. ಚಿಕ್ಕಂದಿನಿಂದ ಯಾವ ಕಷ್ಟ ಬಂದರೂ ಓಡಿಹೋಗುತ್ತಿದ್ದ ಒಂದೇ ಜಾಗ ಅದು. ಈಗ ಅದೇ ಜಾಗದಿಂದ ನನಗೆ ಭಯ. ದೇವರ ಮೇಲೆ ನನಗೆ ಅಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ.

ಮದುವೆಗೆಂದು ರಜೆ ಕೇಳಲು ಮತ್ತೆ ಮಾಲೀಕರ ಟೇಬಲ್ಲಿನ ಮುಂದೆ ನಿಂತೆ. ಮದುವೆಯಾದ ಮೇಲೆ ಬರುವುದಿಲ್ಲ ಎನ್ನುವುದನ್ನೂ ಅವತ್ತೇ ಹೇಳಬೇಕಿತ್ತು. ಎಷ್ಟು ದಿನ ಬೇಕಾದರೂ ತಗೊಳ್ಳಿ ಎಂದರು ಅವರು. ನನಗೆ ತಡೆಯಲಾಗಲಿಲ್ಲ.

"ಸರ್, ಹಬ್ಬದ ಹೊತ್ತಲ್ಲಿ ನೀವು ಯಾರಿಗೂ ರಜೆ ಕೊಡಲ್ಲ. ಅವತ್ತು ನಂಗೆ ಯಾಕೆ ಕೊಟ್ರಿ?"

ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಕೊಡಲ್ಲ ಅಂತ ಯಾರು ಹೇಳಿದ್ರು?"

"ಎಲ್ರೂ ಹೇಳ್ತಾರೆ."

"ಯಾರಾದ್ರೂ ಬಂದು ಕೇಳಿದಾರಾ? ನೀವೂ ಇಷ್ಟು ವರ್ಷದಲ್ಲಿ ಒಂದ್ಸಲ ಕೇಳಿಲ್ಲ. ಅವತ್ತು ಕೇಳಿದ್ರಿ, ಕೊಟ್ಟೆ. ನಾನೇ ಕರ್ದು ಕರ್ದು ರಜೆ ಹಂಚ್ಲಾ?" ಎಂದು ಮತ್ತೆ ಫೋನಿಗೆ ತಲೆಬಾಗಿಸಿದರು.

ಕೆಲಸ ಬಿಡುವ ಮಾತು ಹೇಳದೆ ಹಾಗೇ ಬಂದುಬಿಟ್ಟೆ. ಸಾಗರದಿಂದ ರಿಪ್ಪನ್‌ಪೇಟೆಯವರೆಗೆ ಅದೇ ಯೋಚನೆ. ಆಗದ ಮಾತು ಎಂದು ನಾನು ದೇವರ ಮುಂದಿಟ್ಟಿದ್ದು, ಯಾರೂ ಬಾಯಿಬಿಟ್ಟು ಕೇಳದೆ ಇದ್ದದ್ದು ಅಷ್ಟೇ. ಹಾಗಾದರೆ ನಾನು? ಅಪ್ಪನ ಹತ್ತಿರ ಗುರುತು ತಪ್ಪಿರಬಹುದು ಎಂದೆ. ಅಯ್ಯನವರ ಹತ್ತಿರ ಸಮಾಧಾನ ಇಲ್ಲ ಎಂದೆ. ಸುವಾರ್ತಿಕರ ಹತ್ತಿರ ನನಗೆ ತೋರಿಸಿಲ್ಲ ಎಂದೆ. ನನಗೆ ಈ ಮದುವೆ ಬೇಡ ಎಂದು ಇಷ್ಟು ಜೋರು ಬಾಯಿಯವಳು ಒಬ್ಬರಿಗಾದರೂ ಹೇಳಿದ್ದೆನೇ? ದೇವರಿಗೂ ಹೇಳಿರಲಿಲ್ಲ. ಆ ಒಂದು ಮಾತನ್ನು ನನ್ನ ಪರವಾಗಿ ಅವನೇ ಹೇಳಲಿ ಎಂದು ಮೂರು ತಿಂಗಳು ಕಾಯುತ್ತಾ ಕೂತಿದ್ದೆ.

ಹೀಗೆ ತಿಳಿದ ಮೇಲೂ ಧೈರ್ಯವೇನೂ ಬರಲಿಲ್ಲ. ಅಂದೂ ಮರುದಿನವೂ ಅಪ್ಪನ ಮುಂದೆ ಬಾಯಿ ತೆರೆದು ಮುಚ್ಚಿದೆ. ಹೇಳದೆಯೇ ಮೂರನೆಯ ಭಾನುವಾರ ಬಂತು.

ಅಪ್ಪ ಎದ್ದು ನಿಂತು ಕನ್ನಡಕ ಸರಿಮಾಡಿಕೊಂಡು ಓದಿದರು. ಇದು ಮೂರನೆಯ ಮತ್ತು ಕೊನೆಯ ಸಲ ಎಂಬುದನ್ನು ಒತ್ತಿ ಹೇಳಿದರು. ಅಡ್ಡಿಯಿದ್ದರೆ ಹೇಳಬೇಕು ಎಂದು ಸುಮ್ಮನೆ ನಿಂತರು. ನಾನು ಎದ್ದದ್ದು ನನಗೆ ಗೊತ್ತಾಗಿದ್ದು ಪಕ್ಕದಲ್ಲಿದ್ದ ಅಮ್ಮ ಸೆರಗು ಹಿಡಿದು ಎಳೆದಾಗ.

"ಅಡ್ಡಿ ಇದೆ," ಎಂದೆ.

ಅಪ್ಪ ನನ್ನನ್ನು ನೋಡಿದರು, ಆಮೇಲೆ ಅಯ್ಯನವರನ್ನು ನೋಡಿದರು. ಹೆಣ್ಣೇ ತನ್ನ ಪ್ರಕಟಣೆಗೆ ಎದ್ದು ನಿಂತರೆ ಏನು ಮಾಡಬೇಕೆಂದು ಅವರಿಬ್ಬರಿಗೂ ತಿಳಿದಿರಲಿಲ್ಲ. ಅಯ್ಯನವರು ಮೆಲ್ಲಗೆ, "ಏನಮ್ಮ ಅಡ್ಡಿ?" ಎಂದರು.

"ನಂಗೆ ಇಷ್ಟ ಇಲ್ಲ."

"ಮುಂಚೆ ಹೇಳ್ಬಹುದಿತ್ತಲ್ಲ ಮಗಳೆ."

"ದೇವರೇ ಹೇಳ್ತಾನೆ ಅಂತ ಕಾದೆ ಅಯ್ಯನೋರೆ. ಅವ್ನು ಹೇಳ್ಲಿಲ್ಲ."

ಅಯ್ಯನವರು ಒಂದು ಕೀರ್ತನೆ ಹೇಳಿಸಿದರು, ಅರ್ಧ ಜನ ಹಾಡಿದರು. ಅಪ್ಪ ಹಾಡು ಮುಗಿಯುವವರೆಗೂ ನಿಂತೇ ಇದ್ದರು. ಕೂರಬೇಕೆಂಬುದು ಅವರಿಗೆ ಹೊಳೆದಂತಿರಲಿಲ್ಲ.

ಮಧ್ಯಾಹ್ನ ಸುವಾರ್ತಿಕರ ಫೋನ್ ಬಂತು. ಅಮ್ಮ ಫೋನನ್ನು ನನ್ನ ಕೈಗೇ ಕೊಟ್ಟು ಒಳಗೆ ಹೋದರು. ನಿಮಗೆ ಹೀಗೆ ಅವಮಾನ ಮಾಡಬಾರದಿತ್ತು, ಕ್ಷಮಿಸಿ ಎಂದೆ.

"ಅವಮಾನ ಬಿಡಿ ಸಿಸ್ಟರ್, ಅದು ಹೋಗುತ್ತೆ. ನಾನು ಕೇಳಿದ್ದು ಅವ್ನ ಸ್ವರಾನೇ ಅಂದ್ಕೊಂಡಿದ್ದೆ. ಅದೂ ನಂದೇ ಆಗಿದ್ರೆ, ಇನ್ಮೇಲೆ ಯಾವ್ದು ಅವನ್ದು ಯಾವ್ದು ನಂದು ಅಂತ ನಂಗೆ ಹ್ಯಾಗೆ ಗೊತ್ತಾಗ್ಬೇಕು ಹೇಳಿ."

ಆ ಮನುಷ್ಯನ ಮೇಲೆ ಮೊದಲ ಸಲ ನನಗೆ ನಿಜವಾದ ಮಮತೆ ಹುಟ್ಟಿದ್ದು ಆಗ. ಮದುವೆಯಾಗುವಷ್ಟು ಅಲ್ಲ. ಅದನ್ನೂ ಹೇಳಿಬಿಡುತ್ತೇನೆ.

ನಾನು ಬಿಡುಗಡೆಯಾಗಿದ್ದೆ ಎಂದು ಓದುವವರು ತಿಳಿಯಬಹುದು. ನನಗೆ ಹಾಗನಿಸಲಿಲ್ಲ. ಮಧ್ಯಾಹ್ನವಿಡೀ ಎದೆಯ ಮೇಲೆ ಅಕ್ಕಿ ಮೂಟೆಯಿಟ್ಟ ಹಾಗಿತ್ತು. ನಾನು ಬೇಡ ಎಂದದ್ದು ಅಪ್ಪನಿಗೋ, ಆ ಮನುಷ್ಯನಿಗೋ, ದೇವರಿಗೋ? ಅವನ ಯೋಜನೆಯನ್ನೇ ತಳ್ಳಿದೆನೋ, ನಾನು ಹೀಗೆ ತಳ್ಳುವುದೇ ಅವನ ಯೋಜನೆಯಾಗಿತ್ತೋ? ಹೇಳುವವರು ಯಾರೂ ಇರಲಿಲ್ಲ. ಇನ್ನೊಂದು ಗುರುತು ಕೇಳುವ ಧೈರ್ಯ ನನಗಿರಲಿಲ್ಲ.

ಸಂಜೆ ದೀಪ ಹಾಕಿದ ಮೇಲೆ ಮನೆಯ ಪ್ರಾರ್ಥನೆ. ಏನೇ ಆಗಲಿ ಅದು ತಪ್ಪುವಂತಿಲ್ಲ. ಮೂವರೂ ಚಾಪೆಯ ಮೇಲೆ ಕೂತೆವು. ಮೊದಲು ಅಪ್ಪ, ಆಮೇಲೆ ಅಮ್ಮ, ಕೊನೆಗೆ ನಾನು, ಒಬ್ಬೊಬ್ಬರಾಗಿ ಬಾಯಿಬಿಟ್ಟು ಪ್ರಾರ್ಥಿಸುವುದು ನಮ್ಮ ಕ್ರಮ. ಬೆಳಗ್ಗೆಯಿಂದ ಅಪ್ಪ ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಅವರ ಪ್ರಾರ್ಥನೆ ಯಾವಾಗಲೂ ಉದ್ದ, ದೇವರು ಏನೇನು ಮಾಡಲಿದ್ದಾನೆ ಎಂಬುದನ್ನು ಅವನಿಗೇ ವಿವರಿಸುವ ಹಾಗೆ. ಅವತ್ತು, "ಕರ್ತನೇ, ನಾನು ಎಲ್ಲ ಗೊತ್ತಿದೆ ಅಂದ್ಕೊಂಡಿದ್ದೆ," ಎಂದು ನಿಲ್ಲಿಸಿದರು. ಅವರ ಗಂಟಲು ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ. "ನನ್ನ ಮಗಳಿಗೆ ಎಂತ ಬೇಕು ಅಂತ ನಂಗೆ ಗೊತ್ತಿಲ್ಲ. ನೀನು ನೋಡ್ಕೋ," ಎಂದು ಮುಗಿಸಿದರು. ಅಮ್ಮ ಏನೂ ಹೇಳದೆ ಮೂಗು ಒರೆಸಿಕೊಂಡು ನನ್ನ ಕೈ ಮುಟ್ಟಿದರು.

ನನ್ನ ಸರದಿ. ಇಬ್ಬರೂ ಕಾದರು.

"ನಾನು ಮಾಡಿದ್ದು ಸರಿನೋ ತಪ್ಪೋ ಹೇಳ್ಬೇಡ," ಎಂದೆ. "ಆದ್ರೆ ನನ್ನ ಬಿಟ್ಟು ಹೋಗ್ಬೇಡ."

ಅಪ್ಪ ಆಮೆನ್ ಎಂದರು.